ಸಾಕಿದ್ದು ಒಂದೇ ಕ್ರೇಫಿಶ್

ಗೆಳೆಯನೊಬ್ಬ ಮನೆ ಖಾಲಿ ಮಾಡುವಾಗ ಒಂದು ಕ್ರೇಫಿಶ್ (ಏಡಿ, ಸಿಗಡಿಗಳ ಬಳಗದ, ಇಕ್ಕಳಗಳಿರುವ ಸಿಹಿನೀರಿನ ಜೀವಿ) ಕೊಟ್ಟು ಹೋದ. ಜಾತಿ ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. ಬೆರಳುದ್ದದ ಮೈ, ಕಂದು ಚಿಪ್ಪಿನ ಮೇಲೆ ಅಮೃತಶಿಲೆಯಂಥ ಮಚ್ಚೆಗಳು. ಜೊತೆಗೆ ಗಂಡಿಲ್ಲ, ಇನ್ನು ಮರಿಯೆಲ್ಲಿಂದ ಬರಬೇಕು ಎಂದು ನಿಶ್ಚಿಂತೆಯಿಂದಿದ್ದೆ.

ಕೆಲವು ತಿಂಗಳ ಮೇಲೆ ಅದು ಮೇವು ಬಿಟ್ಟು ಪೈಪಿನ ತುಂಡಿನೊಳಗೆ ಸೇರಿಕೊಂಡಿತು. ಟಾರ್ಚ್ ಬಿಟ್ಟು ನೋಡಿದರೆ ಬಾಲವನ್ನು ಹೊಟ್ಟೆಯಡಿಗೆ ಮಡಚಿಕೊಂಡಿತ್ತು. ಅಲ್ಲಿ ಸಾಸಿವೆಯಷ್ಟು ದಪ್ಪದ ಕಪ್ಪು ಮೊಟ್ಟೆಗಳ ಗೊಂಚಲು. ಪುಟ್ಟ ಈಜುಗಾಲುಗಳನ್ನು ಬೀಸುತ್ತಾ ಮೊಟ್ಟೆಗಳಿಗೆ ನೀರಾಡಿಸುತ್ತಿತ್ತು. ಒಡೆದ ಮರಿಗಳು ಎರಡು ಸಲ ಪೊರೆ ಕಳಚುವವರೆಗೆ ತಾಯಿಗೇ ಅಂಟಿಕೊಂಡಿದ್ದವು. ಆಮೇಲೆ ಟ್ಯಾಂಕ್ ತುಂಬ ಅವೇ. ತೊಂಬತ್ತರವರೆಗೆ ಎಣಿಸಿ ಕೈಬಿಟ್ಟೆ.

ಹುಡುಕಿ ಓದಿದಾಗ ಗೊತ್ತಾಯಿತು, ಅದು ಮಾರ್ಬಲ್ಡ್ ಕ್ರೇಫಿಶ್. 1990ರ ದಶಕದ ನಡುವೆ ಜರ್ಮನಿಯ ಅಕ್ವೇರಿಯಂ ಹವ್ಯಾಸಿಗಳ ಬಳಿ ಮೊದಲು ಕಣ್ಣಿಗೆ ಬಿದ್ದ ಜೀವಿ. ಎಲ್ಲವೂ ಹೆಣ್ಣೇ. ಗಂಡಿನ ಹಂಗಿಲ್ಲದೆ ಇಡುವ ಮೊಟ್ಟೆಯಿಂದ ತಾಯಿಯ ಪಡಿಯಚ್ಚೇ ಹೊರಬರುತ್ತದೆ. ಅಂದರೆ ಒಂದು ಹೊಳೆಗೆ ಇಳಿಯಲು ಅದಕ್ಕೆ ಜೋಡಿ ಬೇಡ, ಒಂದೇ ಸಾಕು.

ಹೊಳೆಯಲ್ಲಿ ಅದು ಏನು ಮಾಡೀತು ಎಂಬುದರ ಸಣ್ಣ ಮಾದರಿ ನನ್ನ ಟ್ಯಾಂಕಿನಲ್ಲೇ ಇತ್ತು. ಗಿಡಗಳನ್ನು ಬುಡಕ್ಕೇ ಕತ್ತರಿಸಿತ್ತು, ತಿಂದದ್ದಕ್ಕಿಂತ ತೇಲಿಬಿಟ್ಟದ್ದೇ ಹೆಚ್ಚು. ಬಸವನಹುಳುಗಳ ಚಿಪ್ಪಿನ ಬಾಯಿಯಂಚನ್ನು ಇಕ್ಕಳದಿಂದ ಚೂರುಚೂರೇ ಮುರಿದು ಒಳಗಿನದನ್ನು ಎಳೆದು ತಿನ್ನುತ್ತಿತ್ತು. ಕೊನೆಗೆ ಉಳಿದದ್ದು ಖಾಲಿ ಚಿಪ್ಪುಗಳು.

ಆದರೆ ನನ್ನ ನಿದ್ದೆಗೆಡಿಸಿದ್ದು ಈ ಹೊಟ್ಟೆಬಾಕತನವಲ್ಲ, ರೋಗ. ಇದೂ ಸೇರಿದಂತೆ ಉತ್ತರ ಅಮೆರಿಕ ಮೂಲದ ಕ್ರೇಫಿಶ್‌ಗಳು ಅಫನೊಮೈಸಿಸ್ ಅಸ್ಟಾಸಿ ಎಂಬ ಸೂಕ್ಷ್ಮಜೀವಿಯನ್ನು ಚಿಪ್ಪಿನಲ್ಲಿ ಹೊತ್ತು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತವೆ. ಅದೇ ಜೀವಿ ಯುರೋಪಿನ ಸ್ಥಳೀಯ ಕ್ರೇಫಿಶ್‌ಗಳಿಗೆ ತಗುಲಿದರೆ ಇಡೀ ಹೊಳೆಯೇ ಬರಿದಾಗಬಹುದು. ಇಟಲಿಯಲ್ಲಿ 1859ರಲ್ಲಿ ಶುರುವಾದ ಆ ಸಾವು ಇನ್ನೂ ನಿಂತಿಲ್ಲ. ಇದರ ಬೀಜಾಣುಗಳು ನೀರಿನಲ್ಲಿ ಈಜಿಕೊಂಡು ಆಸರೆ ಹುಡುಕುತ್ತವೆ. ಹಾಗಾಗಿ ಪ್ರಾಣಿಯನ್ನು ಹೊರಗೆ ಬಿಡದೆ ಇದ್ದರೂ ಟ್ಯಾಂಕಿನ ನೀರು ಚೆಲ್ಲಿದರೆ, ಒದ್ದೆ ಬಲೆಯನ್ನು ಇನ್ನೊಂದು ಕಡೆ ಅದ್ದಿದರೆ ಅಪಾಯವೇ. ಅಷ್ಟು ದಿನ ನೀರು ಬದಲಿಸಿದಾಗಲೆಲ್ಲ ಹಳೆಯ ನೀರನ್ನು ಮಳೆನೀರಿನ ಚರಂಡಿಗೆ ಸುರಿಯುತ್ತಿದ್ದೆ. ಅದು ನೆನಪಾದಾಗ ಕೈಕಾಲು ತಣ್ಣಗಾಯಿತು.

"ಪಾಪ ಅಣ್ಣ, ಕೆರೆಗೆ ಬಿಟ್ಟುಬಿಡೋಣ," ಅಂದಳು ತಂಗಿ. ಒಂದೆರಡು ಮರಿ ಕೊಡಿ ಎಂದು ಕೇಳಿದವರೂ ಇದ್ದರು. ಯಾರಿಗೂ ಕೊಡಲಿಲ್ಲ. ಮಡಗಾಸ್ಕರ್‌ನಲ್ಲಿ ಇದು ಹಬ್ಬಿದ್ದು ಕೈಯಿಂದ ಕೈಗೆ, ಜನ ತಿನ್ನಲೆಂದು ಮಾರುತ್ತಾ ಸಾಗಿಸುತ್ತಾ ಹೋದದ್ದರಿಂದ. ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಆಸ್ಟಕಾಯ್ಡಿಸ್ ಕ್ರೇಫಿಶ್‌ಗಳಿಗೆ ಈಗ ಇದರ ಭಯ. ಯುರೋಪಿಯನ್ ಒಕ್ಕೂಟವಂತೂ 2016ರಿಂದಲೇ ಇದನ್ನು ಸಾಕುವುದನ್ನೂ ಮಾರುವುದನ್ನೂ ನಿಷೇಧಿಸಿದೆ.

ತಾಯಿಯನ್ನೂ ಮರಿಗಳನ್ನೂ ಮಂಜುಗಡ್ಡೆ ಬೆರೆಸಿದ ನೀರಿಗೆ ಹಾಕಿ, ಅವು ಪೂರ್ತಿ ಮರಗಟ್ಟಿದ ಮೇಲೆ ಫ್ರೀಜರ್‌ಗೆ ಇಟ್ಟೆ. ಸುಲಭವಾಗಿರಲಿಲ್ಲ. ತಾಯಿಯನ್ನು ಕೈಗೆತ್ತಿಕೊಂಡಾಗ ಎಂದಿನಂತೆ ಮೇವಿಗಾಗಿ ಮೀಸೆಯಾಡಿಸಿತು. ನೀರನ್ನು ಪಾತ್ರೆ ಪಾತ್ರೆಯಾಗಿ ಕುದಿಸಿ, ಆರಿಸಿ ಶೌಚಾಲಯಕ್ಕೆ ಸುರಿದೆ. ಬಲೆ, ಪೈಪ್, ಕಲ್ಲುಗಳನ್ನು ತಿಕ್ಕಿ ತೊಳೆದು ವಾರಗಟ್ಟಲೆ ಬಿಸಿಲಲ್ಲಿ ಒಣಗಿಸಿದೆ. ಮರಳನ್ನು ಮತ್ತೆ ಬಳಸಲೇ ಇಲ್ಲ.

ಎಲ್ಲ ಮುಗಿಯಿತು ಅಂದುಕೊಂಡು ಕೊನೆಗೆ ಫಿಲ್ಟರ್ ಬಿಚ್ಚಿದೆ. ಒದ್ದೆ ಸ್ಪಂಜಿನ ಸಂದಿಯಲ್ಲಿ ಅಕ್ಕಿಕಾಳಿನಷ್ಟುದ್ದದ ಒಂದು ಮರಿ, ಗಾಜಿನಂತೆ ಪಾರದರ್ಶಕ, ಎರಡೂ ಇಕ್ಕಳ ಎತ್ತಿ ನನ್ನ ಬೆರಳಿಗೆ ಎದುರು ನಿಂತಿತ್ತು. ಸ್ಪಂಜನ್ನು ಎಳೆಎಳೆಯಾಗಿ ಹರಿದು, ಬೇರೆ ಯಾವುದೂ ಇಲ್ಲವೆಂದು ಭೂತಗನ್ನಡಿಯಲ್ಲಿ ನೋಡಿದ ಮೇಲೆಯೇ ಅಲ್ಲಿಂದ ಎದ್ದೆ.