ಗೀಸರ್ ಪಾಯಿಂಟಿನ ಹಿಂದೆ ಎರಡಿಂಚು ತಂತಿ

ಮೊದಲು ಫ್ಯೂಸ್ ಹೋಗೋಕೆ ಶುರುವಾಯಿತು. ಬೆಳಿಗ್ಗೆ ಗೀಸರ್ ಆನ್ ಇದ್ದಾಗ ಅಮ್ಮ ಮಿಕ್ಸಿ ಹಾಕಿದರೆ ಸಾಕು, ಟಪ್. ಬೆಂಗಳೂರಿನ ಹನುಮಂತನಗರದಲ್ಲಿ 1984ರಲ್ಲಿ ಅಪ್ಪ ಕಟ್ಟಿಸಿದ ಮನೆ ನಮ್ಮದು. ಆಗ ನಾಲ್ಕು ಬಲ್ಬು, ಮೂರು ಫ್ಯಾನು, ಒಂದು ರೇಡಿಯೋ ಇದ್ದವು. ಈಗ ಅದೇ ಅಲ್ಯೂಮಿನಿಯಂ ವೈರಿನ ಮೇಲೆ ಫ್ರಿಜ್ಜು, ವಾಷಿಂಗ್ ಮಷೀನು, ಮೈಕ್ರೋವೇವು, ಗೀಸರು ಎಲ್ಲ ಕೂತಿವೆ.

ಫೋನ್ ಮಾಡಿದ ಅರ್ಧ ಗಂಟೆಗೆ ಒಬ್ಬ ಎಲೆಕ್ಟ್ರಿಷಿಯನ್ ಬಂದ. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಮುನ್ನೂರು ರೂಪಾಯಿ ತಗೊಂಡ. "ಇನ್ನು ಫ್ಯೂಸ್ ಹೋಗೋದೇ ಇಲ್ಲ ಮೇಡಂ" ಅಂದ. ಮಾತು ತಪ್ಪಲಿಲ್ಲ, ನಿಜಕ್ಕೂ ಹೋಗಲಿಲ್ಲ. ಮೂರು ವಾರ ಆದ ಮೇಲೆ ಒಂದು ಬೆಳಿಗ್ಗೆ ನಡುಮನೆಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಬೋರ್ಡ್ ಮುಟ್ಟಿದರೆ ದೋಸೆ ಹೆಂಚಿನ ಹಾಗೆ ಬಿಸಿ. ಮೇನ್ ಆಫ್ ಮಾಡಿ ಫ್ಯೂಸ್ ಕ್ಯಾರಿಯರ್ ಎಳೆದು ನೋಡಿದೆ. ಫ್ಯೂಸ್ ತಂತಿಯ ಜಾಗದಲ್ಲಿ ಮಾಮೂಲಿ ತಾಮ್ರದ ವೈರಿನ ಎಳೆಗಳನ್ನು ಹುರಿ ಮಾಡಿ ಬಿಗಿದಿದ್ದ. ಕರಗಬೇಕಾದ್ದನ್ನ ಕರಗದ ಹಾಗೆ ಮಾಡಿದ್ದ, ಅಷ್ಟೇ. ಫ್ಯೂಸಿನ ಬದಲು ಗೋಡೆಯೊಳಗಿನ ವೈರ್ ಬಿಸಿಯಾಗುತ್ತಿತ್ತು.

ಇದರ ಜೊತೆಗೆ ಇನ್ನೊಂದು ಸಂಗತಿ. ಅಮ್ಮ ಎಷ್ಟೋ ದಿನದಿಂದ "ಬಚ್ಚಲುಮನೆ ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣೇ" ಅನ್ನುತ್ತಿದ್ದರು. ವಯಸ್ಸಾಯಿತು, ಕೈ ಜೋಮು ಹಿಡಿಯುತ್ತೆ ಅಂದುಕೊಂಡು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಮ್ಮ ತಮ್ಮ ಪಾಡಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡೋದು ರೂಢಿ ಮಾಡಿಕೊಂಡಿದ್ದರು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ ಅನ್ನುತ್ತೆ.

ಈ ಸಲ ಅವಸರ ಮಾಡಲಿಲ್ಲ. ಬೀದಿಯಲ್ಲಿ ಹಳೇ ಮನೆಗೆ ವೈರಿಂಗ್ ಬದಲಾಯಿಸಿದವರನ್ನೆಲ್ಲ ಕೇಳಿದೆ. "ಯಾರು ಮಾಡಿದ್ದು, ಚೆನ್ನಾಗಿ ಮಾಡಿದ್ರಾ" ಅಂದರೆ ಎಲ್ಲರೂ ಹೂಂ ಅಂತಾರೆ. "ದುಡ್ಡೆಲ್ಲ ಕೊಟ್ಟಾದ ಮೇಲೆ ಕರೆದ್ರೆ ಬಂದ್ರಾ?" ಅಂತ ಕೇಳಿ ನೋಡಿ. ಅರ್ಧ ಹೆಸರುಗಳು ಅಲ್ಲೇ ಉದುರಿ ಹೋದವು. ಬಸ್ ಸ್ಟಾಪ್ ಪಕ್ಕದ ಮೋಟರ್ ವೈಂಡಿಂಗ್ ಅಂಗಡಿಯವರೂ ಒಂದು ಹೆಸರು ಕೊಟ್ಟರು. ಸುಟ್ಟ ಮೋಟರ್ ನೋಡಿ ನೋಡಿ ಯಾರ ಕೆಲಸ ಹೇಗೆ ಅಂತ ಅವರಿಗೆ ಗೊತ್ತಿರುತ್ತೆ.

ಮೂವರು ಬಂದರು. ಒಬ್ಬರು ಗೇಟಿನ ಹತ್ತಿರವೇ ನಿಂತು ಮನೆ ಎಷ್ಟು ಚದರ ಅಂತ ಕೇಳಿ ಎಂಬತ್ತೈದು ಸಾವಿರ ಅಂದರು. ಒಳಗೇ ಬರಲಿಲ್ಲ. ಎರಡನೆಯವರು "ಯಜಮಾನ್ರು ಯಾವಾಗ ಸಿಗ್ತಾರೆ ಮೇಡಂ?" ಅಂದರು. "ನನ್ನ ಹತ್ರಾನೇ ಮಾತಾಡಿ" ಅಂದೆ. ಆಮೇಲಿನ ಮಾತೆಲ್ಲ ಗೋಡೆ ನೋಡಿಕೊಂಡು ಆಡಿದರು. ಮೂರನೆಯವರು ಐವತ್ತರ ಆಸುಪಾಸಿನವರು, ಜೊತೆಗೆ ಒಬ್ಬ ಹುಡುಗ. ಅವರು ಮೊದಲು ಕೇಳಿದ್ದು ಕರೆಂಟ್ ಬಿಲ್. ಆಮೇಲೆ "ಅರ್ಥ್ ಗುಂಡಿ ಎಲ್ಲಿದೆ ಅಮ್ಮ?" ರೇಟಿನ ಮಾತೇ ಇಲ್ಲ. ವೈರ್‌ಮನ್ ಪರ್ಮಿಟ್ ಇದೆಯಾ ಅಂತ ಕೇಳಿದೆ. ಬೇಜಾರು ಮಾಡಿಕೊಳ್ಳದೆ ಜೇಬಿನಿಂದ ತೆಗೆದು ತೋರಿಸಿದರು.

ಅರ್ಥ್ ಗುಂಡಿ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಗುಂಡಿ, ಕಾಂಪೌಂಡಿನ ಮೂಲೆಯಲ್ಲಿ ಇದ್ದದ್ದು ಹೌದು. ಹತ್ತು ವರ್ಷದ ಹಿಂದೆ ಸಿಮೆಂಟ್ ಹಾಕಿಸಿದಾಗ ಮುಚ್ಚಿಹೋಗಿತ್ತು. ಗೋಡೆಯಿಂದ ಇಳಿದಿದ್ದ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯನ್ನು ಅವರು ಎರಡು ಬೆರಳಲ್ಲಿ ಹಿಡಿದು ಎಳೆದರು. ತುಕ್ಕು ಹಿಡಿದ ತುದಿ ಕೈಗೇ ಬಂತು. ಅಂದರೆ ಇಡೀ ಮನೆಗೆ ಅರ್ಥ್ ಇಲ್ಲ.

"ಆದ್ರೆ ಗೀಸರ್ ಹಾಕಿದವರು ಟೆಸ್ಟ್ ಲ್ಯಾಂಪ್ ಇಟ್ಟು ನೋಡಿದ್ರು, ಅರ್ಥ್ ಬರ್ತಿದೆ ಅಂದ್ರು" ಅಂದೆ. ಅವರು ನಕ್ಕು ಬಚ್ಚಲುಮನೆಗೆ ಹೋದರು. ಲ್ಯಾಂಪಿನ ಒಂದು ತುದಿ ಫೇಸಿಗೆ, ಅಂದರೆ ಕರೆಂಟ್ ಬರುವ ತೂತಿಗೆ, ಇನ್ನೊಂದು ಅರ್ಥ್ ತೂತಿಗೆ. ಬಲ್ಬು ಜಗ್ ಅಂತ ಉರಿಯಿತು. ಆಮೇಲೆ ಮೇನ್ ಆಫ್ ಮಾಡಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಕರೆಂಟು ವಾಪಸ್ ಹೋಗುವ ನ್ಯೂಟ್ರಲ್‌ಗೂ ಇನ್ನೊಂದನ್ನು ಅರ್ಥ್‌ಗೂ ಇಟ್ಟರು. ಬೀಪ್, ಅಂದರೆ ಎರಡೂ ಒಂದಕ್ಕೊಂದು ಸೇರಿವೆ. ಸಾಕೆಟ್ ಬಿಚ್ಚಿ ಮುಂದಕ್ಕೆ ಎಳೆದು ನನ್ನನ್ನು ಕರೆದು ತೋರಿಸಿದರು. ಹಿಂದುಗಡೆ ನ್ಯೂಟ್ರಲ್ ಸ್ಕ್ರೂವಿನಿಂದ ಅರ್ಥ್ ಸ್ಕ್ರೂವಿಗೆ ಎರಡಿಂಚಿನ ಕಪ್ಪು ತಂತಿ. ಅರ್ಥ್ ಇಲ್ಲ ಅಂತ ಯಾರೋ ನ್ಯೂಟ್ರಲ್ಲನ್ನೇ ಅರ್ಥ್ ಮಾಡಿದ್ದರು. ಬಲ್ಬು ಉರಿಯದೆ ಇನ್ನೇನು?

"ಇದರಲ್ಲಿ ಏನು ಕಷ್ಟ ಅಂದ್ರೆ ಮೇಡಂ" ಅಂತ ಬಿಡಿಸಿ ಹೇಳಿದರು. ಗೀಸರಿನ ಮೈ ಈಗ ನ್ಯೂಟ್ರಲ್‌ಗೆ ಸೇರಿದೆ. ನ್ಯೂಟ್ರಲ್ಲಿನ ವೋಲ್ಟೇಜ್ ಸ್ವಲ್ಪ ಏರಿದರೂ ಕಬ್ಬಿಣದ ಪೈಪಿನ ಮೂಲಕ ನಲ್ಲಿಗೆ ಬರುತ್ತೆ, ಅಮ್ಮನ ಕೈ ಜುಮ್ ಅಂದದ್ದು ಅದಕ್ಕೇ. ಸಾಕೆಟ್ಟಿಗೆ ಬರುವ ದಾರಿಯಲ್ಲಿ ಎಲ್ಲಾದರೂ ಆ ನ್ಯೂಟ್ರಲ್ ಕಡಿದುಹೋಯಿತು ಅನ್ನಿ. ಗೀಸರ್ ಆನ್ ಇದ್ದರೆ ಫೇಸು ಕಾಯಿಲ್ ದಾಟಿ, ಆ ಎರಡಿಂಚು ತಂತಿ ದಾಟಿ, ಗೀಸರಿನ ಮೈಗೆ ಬರುತ್ತೆ. ಒದ್ದೆ ನೆಲದ ಮೇಲೆ ನಿಂತವರ ಗತಿ? ಆ ತಂತಿಯನ್ನು ಅವರು ಕತ್ತರಿಸಿ ನನ್ನ ಕೈಗೆ ಕೊಟ್ಟರು. ಅಲ್ಲೇ ತೀರ್ಮಾನ ಮಾಡಿದೆ, ಕೆಲಸ ಇವರದೇ. ಅವತ್ತಿನಿಂದ ಹೊಸ ವೈರಿಂಗ್ ಮುಗಿಯುವ ತನಕ ಸ್ನಾನಕ್ಕೆ ಗ್ಯಾಸ್ ಒಲೆಯ ಮೇಲೆ ಕಾಸಿದ ನೀರು.

ಆಷಾಢದಲ್ಲಿ ಹೊಸ ಕೆಲಸ ಬೇಡ ಅಂತ ಅಮ್ಮ ರಾಗ ತೆಗೆದರು. "ಹೊಸದೆಲ್ಲಿ ಅಮ್ಮ, ಹಳೇ ಕೆಲಸಾನೇ ಮತ್ತೆ ಮಾಡೋದು" ಅಂದರು ಎಲೆಕ್ಟ್ರಿಷಿಯನ್. ಗೌರಿ ಹಬ್ಬದೊಳಗೆ ಮುಗಿಸಬೇಕು ಅನ್ನೋ ಷರತ್ತಿನ ಮೇಲೆ ಅಮ್ಮ ಒಪ್ಪಿದರು.

ಕೂಲಿ ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಒಂದೊಂದು ಲೈಟು, ಫ್ಯಾನು, ಸಾಕೆಟ್ಟಿಗೆ ಇಷ್ಟು ಅಂತ. ಪಾಯಿಂಟ್ ಅಂದರೆ ಏನೇನು ಸೇರುತ್ತೆ ಅನ್ನೋದನ್ನ ಮೊದಲೇ ಬರೆದುಕೊಂಡೆವು. ಇಲ್ಲದಿದ್ದರೆ ಜಗಳ ಗ್ಯಾರಂಟಿ. ಗೋಡೆ ಕೊರೆಯೋದು, ಡಿಬಿ (ಮನೆಗೆಲ್ಲ ಕರೆಂಟ್ ಹಂಚುವ ಡಬ್ಬ) ಕೂರಿಸೋದು, ಅರ್ಥ್ ಗುಂಡಿ ಬೇರೆ ಬೇರೆ. ಅಡ್ವಾನ್ಸ್ ಐದರಲ್ಲಿ ಒಂದು ಪಾಲು, ವೈರ್ ಎಳೆದ ಮೇಲೆ ಅರ್ಧದವರೆಗೆ, ಎಲ್ಲ ಚೆಕ್ ಮಾಡಿದ ಮೇಲೆ ಉಳಿದದ್ದು. ಅದರಲ್ಲೂ ಐದು ಸಾವಿರ ಒಂದು ತಿಂಗಳು ನನ್ನ ಹತ್ತಿರವೇ ಇರಲಿ ಅಂದೆ. ಸ್ವಲ್ಪ ಯೋಚಿಸಿ ಒಪ್ಪಿದರು.

ಸಾಮಾನು ನಾನೇ ತರೋದು ಅಂತಾಯಿತು. ಅಂಗಡಿಯವರು ಎಲೆಕ್ಟ್ರಿಷಿಯನ್‌ಗೆ ಕಮಿಷನ್ ಕೊಡೋದು ಗುಟ್ಟೇನಲ್ಲ, ನೇರವಾಗಿ ಕೇಳಿಯೇಬಿಟ್ಟೆ. "ಕೂಲಿ ಸರಿಯಾಗಿ ಕೊಡಿ ಮೇಡಂ, ಆ ಕಮಿಷನ್ ಸಹವಾಸ ಬೇಡ" ಅಂತ ಚೀಟಿ ಬರೆದುಕೊಟ್ಟರು. ನ್ಯಾಷನಲ್ ಕಾಲೇಜಿನಿಂದ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದೆ. ಲೈಟು ಫ್ಯಾನಿಗೆ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು, ಸಾಕೆಟ್ಟಿಗೆ ಎರಡೂವರೆ, ಗೀಸರಿಗೆ ನಾಲ್ಕು. ಕಾಯಿಲ್ 90 ಮೀಟರಿನದು. ವೈರಿನ ಮೈಮೇಲೆ ಗುಣಮಟ್ಟದ ಗುರುತು ಐಎಸ್ 694 ಅಂತ ಅಚ್ಚಾಗಿರಬೇಕು, ಡಬ್ಬದ ಮೇಲೆ ಮಾತ್ರ ಇದ್ದರೆ ಸಾಲದು ಅಂತ ಹೇಳಿ ಕಳಿಸಿದ್ದರು. ಬರುವಾಗ ಆಟೋ. ತಾಮ್ರ ಎಷ್ಟು ಭಾರ ಅಂತ ಅವತ್ತು ಗೊತ್ತಾಯಿತು.

ಚೀಟಿಯಲ್ಲಿ ನನಗೆ ಗೊತ್ತಿಲ್ಲದ್ದು ಒಂದೇ, 30 ಮಿಲಿಆಂಪಿನ ಆರ್‌ಸಿಸಿಬಿ. ಎಂಸಿಬಿ (ಫ್ಯೂಸಿನ ಬದಲು ಹಾಕುವ, ತಾನೇ ಬೀಳುವ ಸ್ವಿಚ್ಚು) ಇದ್ದ ಮೇಲೆ ಇದ್ಯಾಕೆ ಅಂತ ಕೇಳಿದೆ. "ಎಂಸಿಬಿ ವೈರನ್ನ ಕಾಯುತ್ತೆ, ಇದು ನಿಮ್ಮನ್ನ ಕಾಯುತ್ತೆ." ಆಮೇಲೆ ಲೆಕ್ಕ ಹಾಕಿ ನೋಡಿದೆ. ನಮ್ಮದು 3 ಕಿಲೋವ್ಯಾಟಿನ ಗೀಸರ್, 230 ವೋಲ್ಟಿನಲ್ಲಿ ಸುಮಾರು 13 ಆಂಪ್ ಎಳೆಯುತ್ತೆ. ಅದಕ್ಕೆ 16 ಆಂಪಿನ ಎಂಸಿಬಿ. ಹಳೇ ಕಾಲದ 60 ವ್ಯಾಟ್ ಬಲ್ಬಿನಲ್ಲಿ ಹರಿಯೋದು 260 ಮಿಲಿಆಂಪ್. ಮನುಷ್ಯನ ಜೀವ ತೆಗೆಯೋಕೆ ಅಷ್ಟೂ ಬೇಡ. 16 ಆಂಪಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಹೋಗುವ ಕರೆಂಟು ವಾಪಸ್ ಬರುವ ಕರೆಂಟು ಎರಡನ್ನೂ ತೂಗುತ್ತಲೇ ಇರುತ್ತೆ. 30 ಮಿಲಿಆಂಪಿನ ವ್ಯತ್ಯಾಸ ಬಂದರೆ ಕಟ್. ಆದರೆ ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದುಕೊಂಡರೆ ಅದಕ್ಕೆ ಗೊತ್ತಾಗಲ್ಲ ಅಂತಲೂ ಹೇಳಿದರು. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಬೇಕು. ನಾನು ಗ್ಯಾಸ್ ಬುಕ್ ಮಾಡುವ ದಿನ ಒತ್ತುತ್ತೇನೆ, ಮರೆಯಲ್ಲ.

ಕೆಲಸ ಒಂಬತ್ತು ದಿನ ಹಿಡಿಯಿತು. ಧೂಳಿನ ಬಗ್ಗೆ ಏನೂ ಹೇಳಲ್ಲ, ಮಾಡಿಸಿದವರಿಗೆ ಗೊತ್ತು. ಸಂಜೆ ಹೋಗುವಾಗ ಫ್ರಿಜ್ಜಿಗೂ ಒಂದು ಲೈಟಿಗೂ ತಾತ್ಕಾಲಿಕ ಲೈನ್ ಎಳೆದುಕೊಟ್ಟೇ ಹೋಗುತ್ತಿದ್ದರು. ನಾನು ಲೆಕ್ಕ ತಪ್ಪಿದ್ದು ಗಾರೆ ಮತ್ತು ಪೇಂಟ್ ವಿಷಯದಲ್ಲಿ. ಕೊರೆದ ಗೋಡೆ ಮುಚ್ಚಿಸಿ ಬಣ್ಣ ಹೊಡೆಸೋ ಖರ್ಚು ತಲೆಗೇ ಬಂದಿರಲಿಲ್ಲ. ಹಾಗಾಗಿ ಹಿಂದಿನ ರೂಮಿಗೆ ಗೋಡೆ ಕೊರೆಸದೆ ಪಿವಿಸಿ ಕೇಸಿಂಗ್ ಪಟ್ಟಿಯಲ್ಲೇ ಮುಗಿಸಿದೆವು. ನೋಡೋಕೆ ಅಷ್ಟು ಚೆಂದ ಇಲ್ಲ, ಆದರೆ ಮುಂದೆ ಬಿಚ್ಚೋದು ಸುಲಭ. ಇನ್ನೊಂದು ತಪ್ಪೂ ನನ್ನದೇ. ಬೀರು ಎಲ್ಲಿ ಬರುತ್ತೆ ಅಂತ ಯೋಚಿಸದೆ ಒಂದು ಸಾಕೆಟ್ ಹಾಕಿಸಿದೆ. ಅದೀಗ ಬೀರುವಿನ ಹಿಂದೆ ಹಾಯಾಗಿದೆ. ಒಂದು ಕೆಲಸ ಸರಿ ಮಾಡಿದೆ. ಗಾರೆ ಮುಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟೆ. ಮೊನ್ನೆ ದೇವರ ಮನೆಗೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬಂತು.

ಹೊಸ ಅರ್ಥ್ ಗುಂಡಿಗೆ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿದರು. ಮೀಟರ್ ತಂದು ಅಳೆದಾಗ ಮೊದಲು 9 ಓಮ್. ಎರಡು ದಿನ ನೀರು ಹೊಯ್ದ ಮೇಲೆ 5ರ ಕೆಳಗೆ ಬಂತು, ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಬೇಸಿಗೆಯಲ್ಲಿ ವಾರಕ್ಕೊಂದು ಬಕೆಟ್ ನೀರು ಹಾಕಿ ಅಂದಿದ್ದಾರೆ. ಅಮ್ಮ ತುಳಸಿಗೆ ಹಾಕುವಾಗ ಅದಕ್ಕೂ ಹಾಕುತ್ತಾರೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಮಾತ್ರ ಇತ್ತು, ಗೀಸರ್ ಒಂದೇ ಅದನ್ನು ಮೀರುತ್ತೆ. ಅದನ್ನು ಹೆಚ್ಚಿಸೋಕೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕ ಬೆಸ್ಕಾಂಗೆ ಅರ್ಜಿ ಹಾಕಿದೆವು. ಡೆಪಾಸಿಟ್ ಕಟ್ಟಬೇಕು, ತಿಂಗಳ ನಿಗದಿತ ಶುಲ್ಕವೂ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತೆ. ಇರಲಿ.

ಎಲ್ಲ ಮುಗಿದ ಮೂರನೇ ದಿನ ಮನೆಯಿಡೀ ಕತ್ತಲೆ. ಆರ್‌ಸಿಸಿಬಿ ಕೆಳಗೆ ಬಿದ್ದಿತ್ತು. ಎತ್ತಿದೆ, ನಿಂತಿತು. ಹತ್ತು ನಿಮಿಷಕ್ಕೆ ಮತ್ತೆ ಬಿತ್ತು. ಕೊನೆಗೆ ಗೊತ್ತಾಯಿತು, ಅಮ್ಮ ದೋಸೆ ಹಿಟ್ಟಿಗೆ ಗ್ರೈಂಡರ್ ಹಾಕಿದಾಗಲೆಲ್ಲ ಬೀಳುತ್ತಿದೆ. "ಹಳೇ ಕರೆಂಟೇ ಚೆನ್ನಾಗಿತ್ತು, ನಿನ್ನ ಹೊಸ ಕರೆಂಟಿಗೆ ನನ್ನ ಗ್ರೈಂಡರ್ ಆಗಿಬರಲ್ಲ" ಅಂತ ಅಮ್ಮ ಮುನಿಸಿಕೊಂಡರು.

ಎಲೆಕ್ಟ್ರಿಷಿಯನ್ ಅವರಿಗೆ ಫೋನ್ ಮಾಡಿದೆ. ಸಂಜೆ ಬಂದರು. ಗ್ರೈಂಡರ್ ಸಾಕೆಟ್ಟನ್ನು ಆರ್‌ಸಿಸಿಬಿ ತಪ್ಪಿಸಿ ಕೊಡೋಕಾಗಲ್ವಾ ಅಂತ, ಅಮ್ಮನ ಮುಖ ನೋಡಲಾರದೆ, ನಾನೇ ಕೇಳಿಬಿಟ್ಟೆ. "ಆಗುತ್ತೆ. ಆದ್ರೆ ನಾನು ಮಾಡಲ್ಲ" ಅಂದರು. ಗ್ರೈಂಡರ್ ಉಲ್ಟಾ ಮಾಡಿ ತಳದ ಪ್ಲೇಟ್ ಬಿಚ್ಚಿದರು. ವರ್ಷಗಟ್ಟಲೆ ತೊಳೆದ ನೀರು ಇಳಿದು ಮೋಟರಿನ ವೈಂಡಿಂಗ್ ಮೇಲೆ ಹಿಟ್ಟಿನ ಸಮೇತ ಪಾಚಿಯ ಹಾಗೆ ಕಟ್ಟಿತ್ತು. ಕರೆಂಟು ಮೈಗೆ ಸೋರುತ್ತಿತ್ತು. ಇಷ್ಟು ದಿನ ಅರ್ಥ್ ಇರಲಿಲ್ಲ, ಹೇಳೋರೂ ಇರಲಿಲ್ಲ.

ಗ್ರೈಂಡರ್ ಬಸ್ ಸ್ಟಾಪಿನ ಮೋಟರ್ ಅಂಗಡಿಗೆ ಹೋಯಿತು. ಒಂದು ವಾರ ಅಮ್ಮ ಪಕ್ಕದ ಮನೆಯಲ್ಲಿ ಹಿಟ್ಟು ರುಬ್ಬಿಸಿಕೊಂಡರು. ವೈಂಡಿಂಗ್ ಆಗಿ ವಾಪಸ್ ಬಂದ ದಿನ ಎಲೆಕ್ಟ್ರಿಷಿಯನ್ ಅವರನ್ನೂ ಕರೆಸಿದೆ. ಸ್ವಿಚ್ ಹಾಕಿ ಅಮ್ಮ ಡಿಬಿಯನ್ನೇ ನೋಡುತ್ತಾ ನಿಂತರು. ಬೀಳಲಿಲ್ಲ. ತಿಂಗಳಾಗೋಕೆ ಇನ್ನೂ ಸಮಯ ಇತ್ತು. ಉಳಿದ ಐದು ಸಾವಿರ ಅವತ್ತೇ ಕೊಟ್ಟುಬಿಟ್ಟೆ.