ಲ್ಯಾಪ್‌ಟಾಪನ್ನು ಡೆಸ್ಕ್‌ಟಾಪ್‌ನ ಮಾನಿಟರ್ ಆಗಿ ಬಳಸುವ ವಿಧಾನ

ಡೆಸ್ಕ್‌ಟಾಪ್‌ನ ಮಾನಿಟರ್ ಕೆಟ್ಟು ನಿಂತಾಗ, ಮನೆಯಲ್ಲಿರುವ ಲ್ಯಾಪ್‌ಟಾಪ್‌ನ ಪರದೆಯನ್ನೇ ಅದರ ಬದಲಿಗೆ ಬಳಸಬಹುದಲ್ಲವೇ ಎಂದು ಅನ್ನಿಸುವುದು ಸಹಜ. ಎರಡರಲ್ಲೂ ಎಚ್‌ಡಿಎಂಐ ಪೋರ್ಟ್ ಇರುತ್ತದೆ, ಕೇಬಲ್ ಎರಡೂ ಕಡೆ ಸರಿಯಾಗಿ ಕೂರುತ್ತದೆ, ಆದರೂ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಪೋರ್ಟ್ ಚಿತ್ರವನ್ನು ಹೊರಗೆ ಕಳಿಸುವುದಕ್ಕೆ ಮಾತ್ರ ಇರುವಂಥದ್ದು. ಹೊರಗಿನಿಂದ ಬಂದ ಚಿತ್ರವನ್ನು ಸ್ವೀಕರಿಸಿ ಪರದೆಗೆ ಮುಟ್ಟಿಸುವ ಸರ್ಕ್ಯೂಟ್ ಅದರೊಳಗೆ ಇರುವುದೇ ಇಲ್ಲ. ಏಲಿಯನ್‌ವೇರ್ ಎಂಬ ಗೇಮಿಂಗ್ ಲ್ಯಾಪ್‌ಟಾಪ್ ಬ್ರ್ಯಾಂಡ್‌ನ ಕೆಲವು ಹಳೆಯ ಮಾದರಿಗಳಂತಹ ಬೆರಳೆಣಿಕೆಯ ಯಂತ್ರಗಳನ್ನು ಬಿಟ್ಟರೆ ಈ ಮಾತು ಎಲ್ಲಕ್ಕೂ ಅನ್ವಯಿಸುತ್ತದೆ. ಆದ್ದರಿಂದ ಎರಡು ತುದಿಯಲ್ಲೂ ಎಚ್‌ಡಿಎಂಐ ಇರುವ ಕೇಬಲನ್ನು ಇದಕ್ಕಾಗಿ ಹೊಸದಾಗಿ ಕೊಳ್ಳುವ ಮೊದಲು, ಅದೊಂದರಿಂದಲೇ ಕೆಲಸವಾಗದು ಎಂಬುದನ್ನು ತಿಳಿದಿರಬೇಕು.

ಹೆಚ್ಚು ಭರವಸೆಯ ದಾರಿಯೆಂದರೆ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್. ಹೊರಗಿನ ಚಿತ್ರವನ್ನು ಸ್ವೀಕರಿಸಿ ಲ್ಯಾಪ್‌ಟಾಪ್‌ಗೆ ಮುಟ್ಟಿಸುವ, ಪೆನ್‌ಡ್ರೈವ್ ಗಾತ್ರದ ಈ ಸಾಧನದ ಒಂದು ತುದಿಗೆ ಡೆಸ್ಕ್‌ಟಾಪ್‌ನಿಂದ ಬರುವ ಎಚ್‌ಡಿಎಂಐ ಕೇಬಲನ್ನು ಜೋಡಿಸಿ, ಇನ್ನೊಂದು ತುದಿಯನ್ನು ಲ್ಯಾಪ್‌ಟಾಪ್‌ನ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಬೇಕು. ಲ್ಯಾಪ್‌ಟಾಪ್ ಇದನ್ನು ಒಂದು ವೆಬ್‌ಕ್ಯಾಮ್ ಎಂದೇ ಭಾವಿಸುವುದರಿಂದ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲನ್ನು ಮದರ್‌ಬೋರ್ಡ್‌ನ ಪೋರ್ಟಿಗಲ್ಲ, ಆ ಕಾರ್ಡಿನ ಪೋರ್ಟಿಗೆ ಜೋಡಿಸಬೇಕು. ವಿಜಿಎ ಪೋರ್ಟ್ ಮಾತ್ರ ಇರುವ ಹಳೆಯ ಯಂತ್ರವಾದರೆ ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಬೇಕು. ತದ್ವಿರುದ್ಧ ದಿಕ್ಕಿನ ಕನ್ವರ್ಟರ್‌ಗಳೂ ನೋಡಲು ಹಾಗೆಯೇ ಇರುವುದರಿಂದ ಅಂಗಡಿಯಲ್ಲಿ ದಿಕ್ಕನ್ನು ಸ್ಪಷ್ಟವಾಗಿ ಹೇಳಿ ಕೇಳುವುದು ಒಳ್ಳೆಯದು.

ಬಳಿಕ ಲ್ಯಾಪ್‌ಟಾಪ್‌ನಲ್ಲಿ ಉಚಿತವಾಗಿ ದೊರೆಯುವ ಒಬಿಎಸ್ ಸ್ಟುಡಿಯೋ ತಂತ್ರಾಂಶವನ್ನು ತೆರೆದು, ಸೋರ್ಸಸ್ ಪಟ್ಟಿಯಲ್ಲಿ ಕೂಡಿಸುವ ಚಿಹ್ನೆಯನ್ನು ಒತ್ತಿ, ‘ವಿಡಿಯೋ ಕ್ಯಾಪ್ಚರ್ ಡಿವೈಸ್’ ಎಂಬುದನ್ನು ಸೇರಿಸಿ, ಲ್ಯಾಪ್‌ಟಾಪ್‌ನ ಸ್ವಂತ ಕ್ಯಾಮೆರಾದ ಬದಲು ಕ್ಯಾಪ್ಚರ್ ಕಾರ್ಡಿನ ಹೆಸರನ್ನು ಆರಿಸಬೇಕು. ಅಲ್ಲಿಯೇ ರೆಸಲ್ಯೂಷನ್ ಅನ್ನು 1920×1080ಕ್ಕೆ ನಿಗದಿಪಡಿಸಿ, ಬಫರಿಂಗ್ (ಚಿತ್ರವನ್ನು ತುಸು ಕೂಡಿಟ್ಟುಕೊಂಡು ತೋರಿಸುವುದು) ಅನ್ನು ನಿಷ್ಕ್ರಿಯಗೊಳಿಸಿದರೆ ಚಿತ್ರ ತಡವಾಗುವುದು ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ. ಮುನ್ನೋಟದ ಮೇಲೆ ಬಲ ಕ್ಲಿಕ್ ಮಾಡಿ ‘ಫುಲ್‌ಸ್ಕ್ರೀನ್ ಪ್ರೊಜೆಕ್ಟರ್’ ಆರಿಸಿದರೆ ಚಿತ್ರ ಪರದೆಯನ್ನು ತುಂಬುತ್ತದೆ. ಏನೂ ಕಾಣದಿದ್ದರೆ ವಿಂಡೋಸ್‌ನ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಕ್ಯಾಮೆರಾ ಬಳಸಲು ಅನುಮತಿ ಇದೆಯೇ ಎಂದು ಮೊದಲು ನೋಡಿ.

ಅಗ್ಗದ ಕಾರ್ಡುಗಳ ಪೊಟ್ಟಣದ ಮೇಲೆ ದೊಡ್ಡದಾಗಿ ಮುದ್ರಿಸಿರುವ ‘4ಕೆ’ ಎಂಬುದನ್ನು ನೆಚ್ಚಿಕೊಳ್ಳಬೇಡಿ. ಅದು ಕಾರ್ಡ್ ಒಳಗೆ ತೆಗೆದುಕೊಳ್ಳಬಲ್ಲ ಚಿತ್ರದ ಅಳತೆಯೇ ಹೊರತು ಲ್ಯಾಪ್‌ಟಾಪ್‌ಗೆ ಕೊಡುವ ಚಿತ್ರದ್ದಲ್ಲ. ಸೆಕೆಂಡಿಗೆ 30 ಫ್ರೇಮ್‌ಗಳ ಫುಲ್ ಎಚ್‌ಡಿ ಚಿತ್ರವನ್ನು ಕುಗ್ಗಿಸದೆ ಸಾಗಿಸಲು ಸೆಕೆಂಡಿಗೆ ಸುಮಾರು 1,500 ಮೆಗಾಬಿಟ್ ಬೇಕಾಗುತ್ತದೆ, ಯುಎಸ್‌ಬಿ 2.0ರ ಗರಿಷ್ಠ ಮಿತಿಯೇ 480. ಹೀಗಾಗಿ ಈ ಕಾರ್ಡುಗಳು ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತವೆ, ಸಣ್ಣ ಅಕ್ಷರಗಳ ಅಂಚು ಸ್ವಲ್ಪ ಮಸುಕಾಗುತ್ತದೆ, ಮೌಸ್‌ನ ಬಾಣ ಕೈಯ ಹಿಂದೆ ಒಂದು ಕ್ಷಣ ತಡವಾಗಿ ಚಲಿಸುತ್ತದೆ. ಪತ್ರ ಬರೆಯಲು, ಲೆಕ್ಕ ನೋಡಲು ಇದು ಅಡ್ಡಿಯಲ್ಲ. ವೇಗದ ಆಟಗಳಿಗೆ ಮಾತ್ರ ಸಹಿಸಲಾಗದು. ನಕಲು ತಡೆಯುವ ಎಚ್‌ಡಿಸಿಪಿ ರಕ್ಷಣೆ ಇರುವ ಸಿನಿಮಾಗಳು ಕಪ್ಪು ಪರದೆಯಾಗಿ ಕಾಣಬಹುದು. ಅಲ್ಲದೆ, ಇಲ್ಲಿ ಬರುವುದು ಚಿತ್ರ ಮತ್ತು ಧ್ವನಿ ಮಾತ್ರವಾದ್ದರಿಂದ ಕೀಬೋರ್ಡ್, ಮೌಸ್ ಎರಡೂ ಡೆಸ್ಕ್‌ಟಾಪ್‌ಗೇ ಜೋಡಿಸಿರಬೇಕು. ಇಷ್ಟೆಲ್ಲ ಕೊರತೆಗಳಿದ್ದರೂ ನಾನು ಇದನ್ನೇ ಮೊದಲು ಸೂಚಿಸುತ್ತೇನೆ, ಏಕೆಂದರೆ ವಿಂಡೋಸ್ ಇನ್ನೂ ಆರಂಭವಾಗದಿರುವಾಗಲೂ, ಬಯೋಸ್ (ವಿಂಡೋಸ್‌ಗೂ ಮುಂಚೆ ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಪರದೆಯನ್ನು ನೋಡಬೇಕಾದಾಗಲೂ ನೆರವಿಗೆ ಬರುವುದು ಇದೊಂದೇ.

ಎರಡನೆಯ ದಾರಿ, ಡೆಸ್ಕ್‌ಟಾಪ್‌ನ ಪರದೆಯನ್ನು ನೆಟ್‌ವರ್ಕ್ ಮೂಲಕ ಲ್ಯಾಪ್‌ಟಾಪ್‌ನಲ್ಲಿ ತೆರೆದು ಕೆಲಸ ಮಾಡುವುದು. ಇದಕ್ಕೆ ಏನನ್ನೂ ಕೊಳ್ಳಬೇಕಿಲ್ಲ, ಅಕ್ಷರಗಳು ಸ್ಫುಟವಾಗಿರುತ್ತವೆ, ಲ್ಯಾಪ್‌ಟಾಪ್‌ನ ಕೀಬೋರ್ಡೇ ಕೆಲಸಕ್ಕೆ ಬರುತ್ತದೆ. ಆದರೆ ಸಿದ್ಧತೆ ಮಾಡಿಕೊಳ್ಳಲು ಡೆಸ್ಕ್‌ಟಾಪ್‌ನ ಪರದೆಯನ್ನು ಒಮ್ಮೆಯಾದರೂ ನೋಡಲೇಬೇಕು. ಆ ಒಂದು ಸಲಕ್ಕೆ ಮನೆಯ ಟಿವಿ ಸಾಕು. ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಇದ್ದರೆ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಅನ್ನು ಚಾಲೂ ಮಾಡಿ, ಅಲ್ಲಿ ಕಾಣುವ ಕಂಪ್ಯೂಟರಿನ ಹೆಸರನ್ನು ಬರೆದಿಟ್ಟುಕೊಂಡು, ಲ್ಯಾಪ್‌ಟಾಪ್‌ನ ‘ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್’ನಲ್ಲಿ ಅದನ್ನು ನಮೂದಿಸಬೇಕು. ಹಲವರು ಎಡವುವುದು ಪಾಸ್‌ವರ್ಡ್ ವಿಷಯದಲ್ಲಿ: ಪಾಸ್‌ವರ್ಡ್ ಇಲ್ಲದ ಖಾತೆಗೆ ಹೀಗೆ ಪ್ರವೇಶ ಸಿಗುವುದಿಲ್ಲ, ನಾಲ್ಕಂಕಿಯ ಪಿನ್ ಕೂಡ ನಡೆಯುವುದಿಲ್ಲ. ಡೆಸ್ಕ್‌ಟಾಪ್ ನಿದ್ರಾಸ್ಥಿತಿಗೆ ಜಾರದಂತೆ ಪವರ್ ಸೆಟ್ಟಿಂಗ್ಸ್ ಅನ್ನೂ ಆಗಲೇ ಬದಲಿಸಿಬಿಡಿ. ಹೋಮ್ ಆವೃತ್ತಿಗೆ ಈ ಸೌಲಭ್ಯವಿಲ್ಲದ ಕಾರಣ ಎನಿಡೆಸ್ಕ್ ಅಥವಾ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಬಳಸಬಹುದು. ಆಟಗಳಿಗಾದರೆ ಡೆಸ್ಕ್‌ಟಾಪ್‌ನಲ್ಲಿ ಸನ್‌ಶೈನ್, ಲ್ಯಾಪ್‌ಟಾಪ್‌ನಲ್ಲಿ ಮೂನ್‌ಲೈಟ್ ಎಂಬ ತಂತ್ರಾಂಶಗಳ ಜೋಡಿ ಉತ್ತಮ. ವೈಫೈ ನಿಧಾನವಾಗಿದ್ದರೆ ಎರಡೂ ಯಂತ್ರಗಳನ್ನು ಒಂದು ಲ್ಯಾನ್ ಕೇಬಲ್‌ನಿಂದ ನೇರವಾಗಿ ಜೋಡಿಸಿದರೂ ರಿಮೋಟ್ ಡೆಸ್ಕ್‌ಟಾಪ್ ಕೆಲಸ ಮಾಡುತ್ತದೆ.

ಡೆಸ್ಕ್‌ಟಾಪ್‌ಗೆ ಈಗಾಗಲೇ ಒಂದು ಮಾನಿಟರ್ ಇದ್ದು, ಲ್ಯಾಪ್‌ಟಾಪ್ ಎರಡನೆಯ ಪರದೆಯಾದರೆ ಸಾಕು ಎನ್ನುವವರು ಲ್ಯಾಪ್‌ಟಾಪ್‌ನಲ್ಲಿ ಆಪ್ಷನಲ್ ಫೀಚರ್ಸ್ ಮೂಲಕ ವೈರ್‌ಲೆಸ್ ಡಿಸ್‌ಪ್ಲೇ ಸೇರಿಸಿಕೊಂಡು, ‘ಪ್ರೊಜೆಕ್ಟಿಂಗ್ ಟು ದಿಸ್ ಪಿಸಿ’ಯಲ್ಲಿ ಅನುಮತಿ ಕೊಟ್ಟು, ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಕೀಲಿಯೊಂದಿಗೆ ಕೆ ಅಕ್ಷರವನ್ನು ಒತ್ತಬಹುದು. ಡೆಸ್ಕ್‌ಟಾಪ್‌ನಲ್ಲಿ ವೈಫೈ ಇಲ್ಲದಿದ್ದರೆ ಸ್ಪೇಸ್‌ಡೆಸ್ಕ್ ಎಂಬ ತಂತ್ರಾಂಶ ಇದೇ ಕೆಲಸವನ್ನು ಲ್ಯಾನ್ ಮೂಲಕ ಮಾಡುತ್ತದೆ.

ಲ್ಯಾಪ್‌ಟಾಪ್‌ನ ಮದರ್‌ಬೋರ್ಡೇ ಸುಟ್ಟುಹೋಗಿ ಪರದೆ ಮಾತ್ರ ಚೆನ್ನಾಗಿ ಉಳಿದಿದ್ದರೆ, ಅದನ್ನು ಬಿಚ್ಚಿ ಎಲ್‌ಸಿಡಿ ಕಂಟ್ರೋಲರ್ ಬೋರ್ಡ್ ಜೋಡಿಸಿ ನಿಜವಾದ ಮಾನಿಟರನ್ನೇ ಮಾಡಿಕೊಳ್ಳಬಹುದು. ಇಂಥ ಬೋರ್ಡ್‌ಗಳು ಆನ್‌ಲೈನ್‌ನಲ್ಲಿ ದೊರೆಯುತ್ತವೆ. ಬೆಂಗಳೂರಿನವರು ಎಸ್‌ಪಿ ರಸ್ತೆಯಲ್ಲೂ ವಿಚಾರಿಸಬಹುದು. ಪ್ಯಾನೆಲ್‌ನ ಬೆನ್ನಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆಗೆ ಹೊಂದುವ ಬೋರ್ಡನ್ನೇ ಕೊಳ್ಳಬೇಕು, ಏಕೆಂದರೆ ಎಲ್‌ವಿಡಿಎಸ್ ಎಂಬ ಹಳೆಯ ಬಗೆಯ ಸಂಪರ್ಕದ ಪ್ಯಾನೆಲ್‌ಗೂ ಇಡಿಪಿ ಎಂಬ ಈಗಿನ ಬಗೆಯ ಪ್ಯಾನೆಲ್‌ಗೂ ಬೋರ್ಡ್ ಬೇರೆ, ಕೇಬಲ್ ಬೇರೆ. ಎಲ್‌ಇಡಿಗೆ ಮುಂಚಿನ, ಟ್ಯೂಬ್ ದೀಪದ ಪ್ಯಾನೆಲ್ ಆಗಿದ್ದರೆ ಜೊತೆಗೆ ಆ ದೀಪಕ್ಕೆ ವಿದ್ಯುತ್ ಕೊಡುವ ಇನ್ವರ್ಟರ್ ಬೋರ್ಡೂ ಬೇಕಾಗುತ್ತದೆ. ಅದರಲ್ಲಿ ನೂರಾರು ವೋಲ್ಟ್ ಹರಿಯುವುದರಿಂದ ಅಡಾಪ್ಟರ್ ಚಾಲೂ ಇರುವಾಗ ಅದನ್ನು ಮುಟ್ಟಬಾರದು.