ಮುಚ್ಚಿದ ಕ್ಷಯ ಆಸ್ಪತ್ರೆಯ ನೆನಪುಗಳನ್ನು ಉಳಿಸಿಕೊಳ್ಳುವುದು ಹೇಗೆ?

ವೇಲ್ಸ್‌ನ ಕ್ರೇಗ್-ಇ-ನೋಸ್ ಬಂಗಲೆ ಒಂದು ಕಾಲಕ್ಕೆ ಗಾಯಕಿ ಅಡೆಲಿನಾ ಪಾಟಿಯ ಮನೆ. 1922ರಿಂದ 1959ರವರೆಗೆ ಅಲ್ಲಿದ್ದದ್ದು ಕ್ಷಯ ಆಸ್ಪತ್ರೆ. ತಣ್ಣನೆ ಗಾಳಿಯೇ ಮದ್ದೆಂದು ಮಕ್ಕಳ ಮಂಚಗಳನ್ನು ಬಾಲ್ಕನಿಯಲ್ಲಿ ಹಾಕುತ್ತಿದ್ದರು. ಚಳಿಗಾಲದಲ್ಲಿ ಹೊದಿಕೆಯ ಮೇಲೇ ಹಿಮ ಬೀಳುತ್ತಿತ್ತು. ಅಪ್ಪ–ಅಮ್ಮ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಇದೆಲ್ಲ ಇವತ್ತು ನಮಗೆ ತಿಳಿದಿರುವುದು, ಬಾಲ್ಯದಲ್ಲಿ ಅಲ್ಲಿ ಮಲಗಿದ್ದ ಒಬ್ಬರು ದಶಕಗಳ ನಂತರ ಹಳೆಯ ಒಡನಾಡಿಗಳನ್ನು ಹುಡುಕಿ ಮಾತಾಡಿಸಿದ್ದರಿಂದ. ನಿಮ್ಮೂರಿನಲ್ಲೂ ಅಂಥ ಆಸ್ಪತ್ರೆ ಇತ್ತೇ? ಹಾಗಾದರೆ ಈಗಲೇ ಹೊರಡಿ.

ಮೊದಲು ಜನ, ಆಮೇಲೆ ಕಟ್ಟಡ. 1950ರ ಸುಮಾರಿಗೆ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ರೋಗಿಗಳಷ್ಟೇ ಅಲ್ಲ, ನರ್ಸ್, ಆಯಾ, ಅಡುಗೆಯವರು, ಬಟ್ಟೆ ಒಗೆಯುತ್ತಿದ್ದವರ ಮನೆಗಳಿಗೂ ಹೋಗಿ.

ಕಾಯಿಲೆಯ ಮಾತು ತೆಗೆದರೆ ಹಲವರು ಸುಮ್ಮನಾಗುತ್ತಾರೆ. ಮದುವೆ ಸಂಬಂಧ ತಪ್ಪೀತೆಂಬ ಭಯಕ್ಕೆ ಎಷ್ಟೋ ಮನೆಗಳಲ್ಲಿ ‘ಟಿ.ಬಿ.’ ಎಂಬ ಪದವನ್ನೇ ಎತ್ತುತ್ತಿರಲಿಲ್ಲ. ‘ಅಜ್ಜಿ, ಬೆಳಿಗ್ಗೆ ತಿನ್ನೋಕೆ ಏನು ಕೊಡ್ತಿದ್ರು? ಪಕ್ಕದ ಮಂಚದಲ್ಲಿ ಯಾರಿದ್ರು?’ ಎಂದು ಕೇಳಿ. ಉಳಿದದ್ದು ತಾನಾಗಿಯೇ ಬರುತ್ತದೆ. ಅತ್ತರೆ ರೆಕಾರ್ಡಿಂಗ್ ನಿಲ್ಲಿಸಿ, ಜೊತೆಗೆ ಕೂತಿರಿ.

ಫ್ಯಾನ್ ಆರಿಸಿ, ಮಡಚಿದ ಟವೆಲಿನ ಮೇಲೆ ಫೋನ್ ಇಟ್ಟರೆ ದನಿ ಸ್ಪಷ್ಟವಾಗಿ ಬರುತ್ತದೆ. ಶುರುವಿನಲ್ಲೇ ದಿನಾಂಕ, ಊರು ಹೇಳಿ. ಹೆಸರು ಬಳಸಬಹುದೇ ಎಂದು ಮೊದಲೊಮ್ಮೆ, ಮಾತು ಮುಗಿದ ಮೇಲೆ ಮತ್ತೊಮ್ಮೆ ಕೇಳಿ. ಮನಸ್ಸು ಬದಲಾಗಿರುತ್ತದೆ.

ಹಳೆಯ ಫೋಟೊಗಳ ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ. ವಾರ್ಡಿನ ಹೆಸರು, ಇಸವಿ ಇರುವುದು ಅಲ್ಲೇ. ಆಲ್ಬಂಗೆ ಅಂಟಿದ್ದನ್ನು ಕೀಳಬೇಡಿ, ಇಡೀ ಪುಟದ ಚಿತ್ರ ತೆಗೆಯಿರಿ. ಲ್ಯಾಮಿನೇಷನ್ ಬೇಡವೇ ಬೇಡ.

ರೋಗಿಗಳ ಕೇಸ್ ಶೀಟ್ ಸಿಕ್ಕರೂ ಹಂಚಬೇಡಿ; ಅದು ಅವರ ಖಾಸಗಿ ವಿಷಯ. ಕಟ್ಟಡದ ನಕ್ಷೆ, ವಾರ್ಷಿಕ ವರದಿಗಳನ್ನು ಅನುಮತಿ ಪಡೆದು ನಕಲು ಮಾಡಿಕೊಳ್ಳಿ.

ಕಟ್ಟಡದಲ್ಲಿ ವರಾಂಡ ಯಾವ ದಿಕ್ಕಿಗಿದೆ, ಕಿಟಕಿ ಎಷ್ಟು ಅಗಲ ಎಂದು ಬರೆದಿಡಿ. ಬಿಸಿಲು, ಗಾಳಿಯೇ ಚಿಕಿತ್ಸೆಯಾಗಿದ್ದ ಕಾಲ ಅದು. ಆಸ್ಪತ್ರೆ ಏಕೆ ಮುಚ್ಚಿತು ಎಂಬುದನ್ನೂ ದಾಖಲಿಸಿ. ಸ್ಟ್ರೆಪ್ಟೊಮೈಸಿನ್, ಐಸೊನಿಯಾಜಿಡ್ ಎಂಬ ಕ್ಷಯದ ಔಷಧಿಗಳು ಬಂದವು. ಮನೆಯಲ್ಲೇ ಮಾತ್ರೆ ನುಂಗಿದರೂ ಸ್ಯಾನಟೋರಿಯಂನಲ್ಲಿ, ಅಂದರೆ ಇಂಥ ಕ್ಷಯ ಆಸ್ಪತ್ರೆಯಲ್ಲಿ, ಇದ್ದಷ್ಟೇ ಗುಣವಾಗುತ್ತದೆಂದು ತೋರಿಸಿದ್ದು 1959ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನ. ಈ ಸಂಗತಿ ಬಿಟ್ಟರೆ ನಿಮ್ಮ ಕಥೆ ಅರ್ಧವೇ.

ಎಲ್ಲದಕ್ಕೂ ಮೂರು ಪ್ರತಿ ಮಾಡಿ. ಒಂದು ನಿಮ್ಮಲ್ಲಿ, ಇನ್ನೊಂದು ಊರಿನ ಗ್ರಂಥಾಲಯದಲ್ಲಿರಲಿ. ಮೂರನೆಯದನ್ನು ಪೆನ್‌ಡ್ರೈವ್‌ಗೆ ಹಾಕಿ ಆ ಅಜ್ಜಿಯ ಮನೆಗೇ ಕೊಟ್ಟು ಬನ್ನಿ.